ಮೂವತ್ತೈದು ತಾಸಿನ ಉಪವಾಸ

ಕೃಷ್ಣವೇಣಿ ನಾಗಪುರದ ಗೋಕುಳಪೇಠದ ಬಜಾರಿನಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಒಂದು ಕೈಯಲ್ಲಿ ಮೆಂತ್ಯೆಸೊಪ್ಪು, ಇನ್ನೊಂದು ಕೈಯಲ್ಲಿ ಸಂತ್ರಾ ಹಣ್ಣಿನ ಚೀಲ, ಬಲಗಾಲಿನಲ್ಲಿ ಚಪ್ಪಲಿ. ಎಡಗಾಲು ಬರಿಯದು. ಬಾಗಿಲ ಮುಂದೆ ಸ್ಕೂಟರಿನ ಪ್ಲಗ್ ಒರೆಸುತ್ತ ಕೂತಿದ್ದ ಅವಳ ಗಂಡ ವಿಜಯೇಂದ್ರ ತಲೆಯೆತ್ತಿ ನೋಡಿದ.

“ಇನ್ನೊಂದು ಚಪ್ಪಲಿ ಎಲ್ಲೆ?”

ಅವಳು ಬಗ್ಗಿ ತನ್ನ ಕಾಲನ್ನು ತಾನೇ ನೋಡಿಕೊಂಡಳು. “ಅಯ್ಯ, ಈಗ ಇತ್ತಲ್ರೀ.”

“ಈಗ ಅಂದ್ರ ಯಾವಾಗ? ಡಾಂಬರು ರೋಡಿನ ಮ್ಯಾಲೆ ಬರಿಗಾಲಿಲೆ ಬಂದಿ, ಗೊತ್ತಾಗಲಿಲ್ಲ?”

“ಮಾತಾಡಿಕೋತ ಬಂದೆ.”

“ಯಾರ ಜೋಡಿ?”

“ನನ್ನ ಜೋಡೀನ. ನೀವಂತೂ ಮಾತಾಡೂದಿಲ್ಲ.”

ವಿಜಯೇಂದ್ರ ಸ್ಕೂಟರ್ ಹತ್ತಿ ಹುಡುಕಲು ಹೋದ. ಕಬ್ಬಿನ ಹಾಲಿನ ಗಾಡಿಯವನು ಚಪ್ಪಲಿಯನ್ನು ಎತ್ತಿ ಪಕ್ಕದ ಕಂಪೌಂಡಿನ ಮೇಲೆ ಇಟ್ಟಿದ್ದ. ಮನೆಯಿಂದ ಅಲ್ಲಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚೇ. ತಿರುಗಿ ಬಂದಾಗ ಸೊಸೆ ಶರ್ವಾಣಿ ಅತ್ತೆಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲಿನಿಂದ ಗಾಜಿನ ಚೂರು ಕೀಳುತ್ತಿದ್ದಳು. ರಕ್ತ ಹರಿಯುತ್ತಿತ್ತು. ಕೃಷ್ಣವೇಣಿ ಮೆಂತ್ಯೆಸೊಪ್ಪು ಸೋಸುತ್ತ ಆರಾಮಾಗಿ ಕೂತಿದ್ದಳು.

“ಅತ್ತಿ, ನೋಯೂದಿಲ್ಲ?”

“ಇಲ್ಲ ನೋಡು. ಚಲೋನ ಆತು.”

“ಚಲೋ ಆಗಿಲ್ಲ!” ಶರ್ವಾಣಿ ಸಿಟ್ಟಿನಿಂದ ಅಂದಳು. “ಎಷ್ಟು ದಿನದಿಂದ ಹಿಂಗದ?”

ನಾಲ್ಕು ತಿಂಗಳಿಂದ ಇತ್ತು. ಮೊದಲು ಸೊಂಟದಿಂದ ಹಿಮ್ಮಡಿವರೆಗೆ ಸೆಳೆತ, ಆಮೇಲೆ ಜೋಮು, ಈಗ ಏನೂ ಇಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಡಿಗೆಮನೆಯಿಂದ ಹೊರಗೆ ಕೂಡಿಸುತ್ತಾರೆ, ಮಡಿ ಅಡಿಗೆ ನಿಲ್ಲುತ್ತದೆ ಎಂಬುದೊಂದೇ ಅವಳ ಲೆಕ್ಕ. ಬಾಗಲಕೋಟೆ ಬಿಟ್ಟು ಮೂವತ್ತಾರು ವರ್ಷವಾಗಿದ್ದರೂ ಧರಮಪೇಠದ ಆ ಮನೆಯ ಒಲೆಯ ಮುಂದೆ ಅವಳದೇ ರಾಜ್ಯ.

ಆ ವಾರ ಮನೆಯಲ್ಲಿ ಊಟಕ್ಕಿಂತ ಜಗಳ ಹೆಚ್ಚು. ಬ್ಯಾಂಕಿನಲ್ಲಿ ಆಫೀಸರಾಗಿದ್ದ ಮಗ ಶಾಮ ರಜೆ ಹಾಕಿ ಅವ್ವನನ್ನು ಡಾಕ್ಟರ್ ವೈರಾಗಡೆಯವರ ಹತ್ತಿರ ಕರೆದೊಯ್ದ. ಎಂ.ಆರ್.ಐ. ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಬೆನ್ನೆಲುಬಿನ ಕೆಳಗಿನ ಒಂದು ಮಣಿ ಮುಂದಕ್ಕೆ ಜಾರಿದೆ. ಕಾಲಿಗೆ ಹೋಗುವ ನರ ಹೊರಬರುವ ಸಂದು ಇಕ್ಕಟ್ಟಾಗಿದೆ. ನರ ಅಲ್ಲಿ ಹಿಚುಕಿಕೊಂಡಿದೆ. ಒತ್ತುತ್ತಿರುವ ಮೂಳೆಯನ್ನು ಕೆರೆದು ತೆಗೆಯಬೇಕು, ಮಣಿ ಮತ್ತೆ ಜಾರದಂತೆ ನಾಲ್ಕು ಸ್ಕ್ರೂ ಹಾಕಬೇಕು.

“ಕಾಕೂ, ಪಾದ ಮೇಲೆತ್ತಿ,” ಅಂದರು.

ಬಲಪಾದ ಎದ್ದಿತು. ಎಡಪಾದ ಅರ್ಧಕ್ಕೆ ಎದ್ದು ನಡುಗಿ ಬಿದ್ದಿತು.

“ಇದು ಪೂರ್ತಿ ಬಿದ್ದುಹೋಗುವ ಮೊದಲು ಮಾಡಬೇಕು. ಹೋದ ಶಕ್ತಿ ತಡಮಾಡಿದರೆ ವಾಪಸು ಬರುವುದಿಲ್ಲ. ಮೂರು ವಾರ ಕಾಯಬಹುದು, ಮೂರು ತಿಂಗಳಲ್ಲ.” ಆಮೇಲೆ ಒಂದು ಕಾಗದ ಮುಂದೆ ತಳ್ಳಿದರು. ಹೊರದೇಶದ ಕಂಪನಿಯೊಂದು ಬೆನ್ನಿನ ಆಪರೇಶನ್ನಿನ ರೋಬೋಟನ್ನು ಊರೂರಿನ ಆಸ್ಪತ್ರೆಗಳಿಗೆ ತಂದು ತೋರಿಸುತ್ತಿದೆ, ಮುಂದಿನ ವಾರ ನಮ್ಮಲ್ಲಿರುತ್ತದೆ, ಎರಡು ದಿನ ಆಪರೇಶನ್ನಿಗೆ ಕೊಡುತ್ತಾರೆ, ಬೇಕಿದ್ದರೆ ನಿಮ್ಮ ಹೆಸರು ಬರೆಯುತ್ತೇನೆ ಅಂದರು.

ವಿಜಯೇಂದ್ರ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಆರ್ಡನನ್ಸ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಜಿಗ್ ಬೋರಿಂಗ್ ಮಷೀನು ನಡೆಸಿ ಎರಡು ವರ್ಷದ ಹಿಂದೆ ರಿಟಾಯರ್ ಆದವನು ಅವನು. ಉಕ್ಕಿನಲ್ಲಿ ಕೂದಲೆಳೆಯಷ್ಟೂ ಅತ್ತಿತ್ತಾಗದಂತೆ ತೂತು ಕೊರೆಯುವುದು ಅವನ ಕೆಲಸವಾಗಿತ್ತು.

“ತೂತು ಯಾರು ಹಾಕ್ತಾರ? ರೋಬೋಟೋ, ನೀವೋ?” ಎಂದು ಮರಾಠಿಯಲ್ಲಿ ಕೇಳಿದ.

“ನಾನೇ, ಕಾಕಾ. ಅದು ಹಾದಿ ತೋರಿಸುತ್ತದೆ ಅಷ್ಟೇ. ನರ ಬಿಡಿಸುವುದೂ ನನ್ನ ಕೈಯೇ.”

ವಿಜಯೇಂದ್ರನಿಗೆ ಯಂತ್ರ ಹಾದಿ ತೋರಿಸುವ ಮಾತು ಕೇಳಿಸಿತು, ಕೈಯ ಮಾತು ಅಷ್ಟಾಗಿ ಕೇಳಿಸಲಿಲ್ಲ.

ಮನೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದ ಮೊಮ್ಮಗಳು ಚಾರು ಕುಣಿದಾಡಿದಳು. ಅವಳ ಮಾತಿನಲ್ಲಿ ಅರ್ಧ ಮರಾಠಿ. “ಅಜ್ಜಾ, ರೋಬೋಟ್ ಅಜ್ಜಿಗೆ ಆಪರೇಶನ್ ಕರಣಾರ್? ಖರೇನ ಮಾಡ್ತದ? ಅದಕ್ಕ ಕೈ ಎಷ್ಟು ಇರ್ತಾವ? ಚಾರ್?”

“ನಿನ್ನ ಅಜ್ಜಿಗೆ ಅಡಿಗಿ ಮಾಡಲಿಕ್ಕೆ ನಾಲ್ಕು ಕೈ ಬೇಕು,” ಅಂದಳು ಕೃಷ್ಣವೇಣಿ ಮಂಚದ ಮೇಲಿನಿಂದ. “ಶರ್ವಾಣಿ, ಸಾರಿಗೆ ಇಂಗು ಹಾಕಿದ್ಯೋ ಇಲ್ಲೋ? ವಾಸನಿ ಬರವೊಲ್ಲದು.”

“ಹಾಕೀನಿ ಅತ್ತಿ.”

“ಹಾಕಿದ್ರ ಬರ್ತಿತ್ತು.”

“ನಿಮಗ ಕಾಲಾಗ ಗಾಜು ಹೊಕ್ಕಿದ್ದು ಗೊತ್ತಾಗೂದಿಲ್ಲ, ಇಂಗು ಹಾಕದಿದ್ದು ಗೊತ್ತಾಗ್ತದ!”

ಪಾತ್ರೆ ತಿಕ್ಕುತ್ತಿದ್ದ ಗಂಗೂಬಾಯಿ ಒಳಗಿಂದಲೇ ಗೊಳ್ಳೆಂದು ನಕ್ಕಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಹದಿನೈದು ವರ್ಷದಲ್ಲಿ ಈ ಮನೆಯ ಜಗಳ ಯಾವ ಭಾಷೆಯಲ್ಲಾದರೂ ತಿಳಿಯುತ್ತಿತ್ತು.

ಮುಂದಿನ ಸೋಮವಾರ ಆಸ್ಪತ್ರೆಯವರು ಯಂತ್ರ ನೋಡಲು ಮನೆಯವರನ್ನು ಕರೆದರು. ವಿಜಯೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅರ್ಧ ತಾಸು ಮೊದಲೇ ಹೋಗಿ ಕೂತ. ಯಂತ್ರ ನೋಡಿ ಎಲ್ಲರಿಗೂ ನಿರಾಶೆಯಾಯಿತು. ಅದಕ್ಕೆ ನಾಲ್ಕು ಕೈ ಇರಲಿಲ್ಲ, ಒಂದೂ ಇರಲಿಲ್ಲ. ದೇವರ ಮನೆಯ ತಂಬಿಗೆಯಷ್ಟು ದಪ್ಪದ ಒಂದು ಲೋಹದ ತುಂಡು. ಅದನ್ನು ರೋಗಿಯ ಬೆನ್ನಿನ ಮೇಲೆ ಒಂದು ಚೌಕಟ್ಟಿಗೆ ಕೂಡಿಸುತ್ತಾರೆ. ಫಿಲ್ಮು ನೋಡಿ ಕಂಪ್ಯೂಟರಿನಲ್ಲಿ ಮೊದಲೇ ಗುರುತು ಮಾಡಿಟ್ಟ ಹಾದಿಗೆ ಅದು ತಾನೇ ತಿರುಗಿ ನಿಲ್ಲುತ್ತದೆ. ಅದರ ಕೊಳವೆಯೊಳಗಿಂದ ಡಾಕ್ಟರು ತೂತು ಹಾಕುತ್ತಾರೆ.

ವಿಜಯೇಂದ್ರನಿಗೆ ಮಾತ್ರ ನಿರಾಶೆಯಾಗಲಿಲ್ಲ. “ಅಳತಿ ಶುರುವಾಗೂ ಝೀರೋ ಎಲ್ಲಿಂದ ಹಿಡೀತೀರಿ?” ಎಂದು ಕಂಪನಿಯ ಹುಡುಗ ಇಂಜಿನಿಯರನ್ನು ಹಿಂದಿಯಲ್ಲಿ ಕೇಳಿದ. “ತಿರುಪಿನಾಗ ಸಡಿಲು ಎಷ್ಟು? ರೋಗಿ ಉಸಿರಾಡಿದ್ರ ಬೆನ್ನು ಏಳ್ತದ, ಇಳೀತದ. ಆವಾಗ?” ಹುಡುಗ ಮೊದಲ ಎರಡಕ್ಕೆ ನಗುತ್ತ, ಮೂರನೆಯದಕ್ಕೆ ನಗು ಬಿಟ್ಟು ಉತ್ತರ ಕೊಟ್ಟ. ಬೆನ್ನಿಗೇ ಕಚ್ಚಿಕೊಂಡಿರುವುದರಿಂದ ಬೆನ್ನಿನ ಜೊತೆಗೇ ಏಳುತ್ತದೆ, ಇಳಿಯುತ್ತದೆ ಅಂದ.

“ಶಾಬಾಶ್,” ಅಂದ ವಿಜಯೇಂದ್ರ.

ಆ ಮೇಲೆ ಮನೆಯಲ್ಲಿ ಮೂರು ಹೊತ್ತೂ ಅದೇ ಮಾತು. ರೊಟ್ಟಿ ಮುರಿಯುವಾಗ ರೋಬೋಟು, ಮಜ್ಜಿಗೆ ಸುರಿದುಕೊಳ್ಳುವಾಗ ರೋಬೋಟು.

“ನನ್ನ ಲಗ್ನದಾಗ ನನ್ನ ಇಷ್ಟು ನೋಡಿರಲಿಲ್ಲ ಇವರು,” ಅಂದಳು ಕೃಷ್ಣವೇಣಿ.

ಆಪರೇಶನ್ನಿಗೆ ಎರಡು ದಿನ ಕೊಟ್ಟಿದ್ದರು, ಬುಧವಾರ ಇಲ್ಲವೇ ಗುರುವಾರ. ಬುಧವಾರ ಏಕಾದಶಿ. ಕೃಷ್ಣವೇಣಿ ಹದಿನೆಂಟು ವರ್ಷದವಳಿದ್ದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟವಳಲ್ಲ. ಅವಳದು ನೀರೂ ಇಲ್ಲದ ಉಪವಾಸ.

“ಬುಧವಾರ ಬ್ಯಾಡ. ಏಕಾದಶಿ ದಿನ ಗ್ಲೂಕೋಸ್ ಏರಿಸ್ತಾರ. ಕೈಯಾಗಿಂದ ಹೋದ್ರೇನು, ಬಾಯಾಗಿಂದ ಹೋದ್ರೇನು? ಉಪವಾಸ ಮುರದ್ಹಂಗ.”

“ಅವ್ವಾ, ಕಾಲು ಬಿದ್ದುಹೋಗಲಿಕ್ಕೆ ಹತ್ಯದ. ದೇವರು ಒಂದು ಏಕಾದಶಿ ಮಾಫ್ ಮಾಡೂದಿಲ್ಲೇನು?” ಅಂದ ಶಾಮ.

“ಮಾಫ್ ಮಾಡ್ತಾನ. ನಾ ಮಾಡೂದಿಲ್ಲ.”

ಕೊನೆಗೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದು ನಿಗದಿಯಾಯಿತು. ಬುಧವಾರ ಸಂಜೆ ಕೃಷ್ಣವೇಣಿಯನ್ನು ಭರ್ತಿ ಮಾಡಿದರು. ಜೊತೆಗೆ ಶರ್ವಾಣಿ ಉಳಿದಳು. ರಾತ್ರಿ ಹನ್ನೆರಡರ ಮೇಲೆ ಬಾಯಿಗೆ ಏನೂ ಹಾಕಬಾರದು ಎಂದು ನರ್ಸು ಹೇಳಿದಾಗ ಕೃಷ್ಣವೇಣಿ ನಕ್ಕಳು. “ಮಂಗಳವಾರ ರಾತ್ರಿ ಎಂಟರಿಂದ ಹನಿ ನೀರು ಕುಡದಿಲ್ಲಮ್ಮಾ ನಾನು.”

ಮನೆಯಲ್ಲಿ ವಿಜಯೇಂದ್ರ ಮಠದ ಪಂಚಾಂಗ ತೆರೆದು ನೋಡಿದವನು ಹಾಗೆಯೇ ಕೂತುಬಿಟ್ಟ. ಗುರುವಾರದ ದ್ವಾದಶಿ ಗಿಡ್ಡ. ಬೆಳಿಗ್ಗೆ ಏಳೂ ಮುಕ್ಕಾಲಿಗೇ ಮುಗಿಯುತ್ತದೆ. ಸೂರ್ಯ ಹುಟ್ಟಿದ ಮೇಲೆ ಅಷ್ಟರೊಳಗೆ ಎರಡು ತುತ್ತು ಉಂಡು ಪಾರಣೆ ಮಾಡದಿದ್ದರೆ ಏಕಾದಶಿಯ ಫಲವಿಲ್ಲ. ಕೃಷ್ಣವೇಣಿಗೂ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ಸುಮ್ಮನಿದ್ದಾಳೆ. ನಲವತ್ತು ವರ್ಷದ ವ್ರತ ಆಸ್ಪತ್ರೆಯ ಮಂಚದ ಮೇಲೆ ಕೆಡಲಿದೆ, ಆ ಕೊರಗಿನಲ್ಲೇ ಒಳಗೆ ಹೋಗುತ್ತಾಳೆ.

ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಮಡಿ ಉಟ್ಟು, ಅವನೇ ಕುಕ್ಕರಿನಲ್ಲಿ ಹೆಸರುಬೇಳೆ ಹುಗ್ಗಿ ಮಾಡಿದ. ಡಬ್ಬಿಗೆ ಹಾಕಿ ತೀರ್ಥದ ಗಿಂಡಿಯ ಜೊತೆ ಚೀಲದಲ್ಲಿಟ್ಟುಕೊಂಡು ಆರೂವರೆಗೆ ಆಸ್ಪತ್ರೆ ಮುಟ್ಟಿದ. ಮಗಳನ್ನು ಶಾಲೆಗೆ ಕಳಿಸಬೇಕೆಂದು ಶರ್ವಾಣಿ ಮನೆಗೆ ಹೊರಟಳು.

ಕಿಟಕಿಯಲ್ಲಿ ಬಿಸಿಲು ಬಿದ್ದ ಮೇಲೆ ಅವನು ಡಬ್ಬಿ ತೆಗೆದ. ಕೃಷ್ಣವೇಣಿ ಡಬ್ಬಿಯನ್ನೂ ಅವನನ್ನೂ ನೋಡಿದಳು.

“ಏನ್ರೀ ಇದು?”

“ಹುಗ್ಗಿ. ನಾನ ಮಾಡೀನಿ. ಮಡೀಲೆ.”

“ಡಾಕ್ಟರು ಬ್ಯಾಡಂದಾರ.”

“ಅವರಿಗೆ ಬೇಕಾಗಿದ್ದು ಒಂಬತ್ತು ತಾಸಿನ ಉಪವಾಸ. ನೀ ಮೂವತ್ತೈದು ತಾಸು ಮಾಡೀದಿ. ಇಪ್ಪತ್ತಾರು ತಾಸು ಹೆಚ್ಚಾತು. ನಾಲ್ಕು ಚಮಚಕ್ಕ ಏನು ಫರಕ್ ಬೀಳ್ತದ? ಅದೂ ಪ್ರಸಾದ. ಹೊಟ್ಟಿ ತುಂಬಲಿಕ್ಕೆ ಕೊಡಲಿಕ್ಹತ್ತಿಲ್ಲ.”

ಲೆಕ್ಕ ಬರೋಬರಿ ಇತ್ತು. ಕೃಷ್ಣವೇಣಿ ಬಾಯಿ ತೆರೆದಳು. ತೀರ್ಥ, ಆಮೇಲೆ ನಾಲ್ಕು ಚಮಚ. “ಉಪ್ಪು ಕಡಿಮಿ ಆಗ್ಯದ,” ಅಂದಳು, ಆದರೆ ಕಣ್ಣು ಒರೆಸಿಕೊಂಡಳು.

ಎಂಟೂಕಾಲಿಗೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದಳು. ಅಷ್ಟರಲ್ಲಿ ಶಾಮನೂ ಬಂದಿದ್ದ. ಕೊನೆಯ ಸಲ ಯಾವಾಗ ತಿಂದಿರಿ ಎಂದು ಅವಳು ಕೇಳಿದಳು. ಕೃಷ್ಣವೇಣಿಗೆ ಸುಳ್ಳು ಹೇಳಿ ರೂಢಿಯಿಲ್ಲ.

“ಏಳಕ್ಕೆ. ಪಾರಣೆ ಮಾಡಿದೆ.”

ಡಾಕ್ಟರಮ್ಮ ಮರಾಠಿಯವಳು, ಅವಳಿಗೆ ಏಕಾದಶಿ ಹೊಸದಲ್ಲ. ಪೆನ್ನು ಮುಚ್ಚಿದಳು. “ಎಷ್ಟು ದಿನದ ಉಪವಾಸ ಅನ್ನುವುದು ಮುಖ್ಯವಲ್ಲ, ಆಜಿ. ಈಗ ಹೊಟ್ಟೆಯಲ್ಲಿ ಏನಿದೆ ಅನ್ನುವುದು ಮುಖ್ಯ. ಬೋರಲು ಮಲಗಿಸಿ ಎಚ್ಚರ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವ ಹೋಗುತ್ತದೆ. ನಾನು ಕೊಡುವುದಿಲ್ಲ.”

ಶಾಮನ ಮುಖ ಕೆಂಪಾಯಿತು. “ಯಾರು ಕೊಟ್ರು ನಿನಗ?”

ವಿಜಯೇಂದ್ರ ಬಾಯಿ ತೆರೆದ. ಡಬ್ಬಿ ಅವನ ಕಾಲ ಹತ್ತಿರ, ಚೀಲದಲ್ಲಿ, ಪೇಪರಿನ ಕೆಳಗಿತ್ತು.

“ಯಾರೂ ಕೊಟ್ಟಿಲ್ಲ. ನಿನ್ನೆ ಬರೂವಾಗ ನಾನ ಚೀಲದಾಗ ಇಟ್ಕೊಂಡು ಬಂದಿದ್ದೆ,” ಅಂದಳು ಕೃಷ್ಣವೇಣಿ. ಗಂಡನನ್ನು ಒಮ್ಮೆ ನೋಡಿದಳು. ವಿಜಯೇಂದ್ರನ ಬಾಯಿ ಮುಚ್ಚಿತು.

“ಅವ್ವಾ, ನಿನಗ ತಲಿ ಅದನೋ ಇಲ್ಲೋ? ಹುಗ್ಗಿ ಸಲುವಾಗಿ!”

“ಬೈಬ್ಯಾಡೋ. ತಪ್ಪಾತು.”

ಮಧ್ಯಾಹ್ನಕ್ಕೂ ಸಂಜೆಗೂ ಯಂತ್ರ ಬೇರೆಯವರ ಹೆಸರಿಗೆ ನಿಗದಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಕಂಪನಿಯವರು ಅದನ್ನು ಪೆಟ್ಟಿಗೆಗೆ ತುಂಬಿ ಬೇರೆ ಊರಿಗೆ ಒಯ್ಯುವವರಿದ್ದರು. ಮತ್ತೆ ನಾಗಪುರಕ್ಕೆ ಬರುವುದು ಮೂರು ತಿಂಗಳ ನಂತರ. ಡಾಕ್ಟರ್ ವೈರಾಗಡೆ ಬೈಯಲಿಲ್ಲ. ಪಾದ ಎತ್ತಿಸಿ ನೋಡಿದರು. ಹೋದ ವಾರ ಎದ್ದಷ್ಟೂ ಈಗ ಏಳಲಿಲ್ಲ.

“ಶನಿವಾರ ನನಗೆ ಥಿಯೇಟರ್ ಇದೆ. ಯಂತ್ರವಿಲ್ಲದೆ, ಎಕ್ಸ್‌ರೇ ನೋಡುತ್ತ ಮಾಡುತ್ತೇನೆ. ಇಲ್ಲವೇ ಯಂತ್ರಕ್ಕೆ ಕಾಯಿರಿ. ನಾನಾಗಿದ್ದರೆ ಕಾಯುತ್ತಿರಲಿಲ್ಲ.”

ಅವರು ಹೋದ ಮೇಲೆ, ಶಾಮನೂ ಮಗಳನ್ನು ಶಾಲೆಗೆ ಕಳಿಸಿ ತಿರುಗಿ ಬಂದಿದ್ದ ಶರ್ವಾಣಿಯೂ ಮಂಚದ ಪಕ್ಕ ನಿಂತು ಜಗಳಾಡಿದರು. ಶಾಮ, ಯಂತ್ರ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಅವ್ವನನ್ನು ಒಯ್ಯೋಣ ಅಂದ. ಅಲ್ಲಿ ಯಾರು ನಮ್ಮ ಹೆಸರು ಬರೆದುಕೊಂಡಿದ್ದಾರೆ, ಎಂದು ಶರ್ವಾಣಿ ಕೇಳಿದಳು. ಅಪ್ಪ ಏನನ್ನುತ್ತಾನೆಂದು ಶಾಮ ಅವನ ಕಡೆ ತಿರುಗಿದ. ಒಂದು ವಾರದಿಂದ ರೋಬೋಟಿನ ವಕೀಲಿ ಮಾಡುತ್ತಿದ್ದವನು ಗೋಡೆ ನೋಡುತ್ತ ನಿಂತಿದ್ದ. ಆಮೇಲೆ ಡಾಕ್ಟರನ್ನು ಹುಡುಕುತ್ತ ಹೊರಗೆ ಹೋದ.

ಡಾಕ್ಟರು ಕಾರಿಡಾರಿನ ಕೊನೆಯಲ್ಲಿ ಚಹಾ ಕುಡಿಯುತ್ತಿದ್ದರು.

“ಸಾಹೇಬ್, ಯಂತ್ರ ಇಲ್ಲದಾಗ ಹಾದಿ ತಪ್ಪಿಲ್ಲ ಅಂತ ಹೇಗೆ ತಿಳಿಯುತ್ತದೆ?”

ಡಾಕ್ಟರು ಪೆನ್ನಿನ ಟೋಪಿ ತೆಗೆದು, ಅದರೊಳಗೆ ಒಂದು ಕಡ್ಡಿ ಇಳಿಸಿ ತೋರಿಸಿದರು. “ತೂತು ಹಾಕಿದ ಮೇಲೆ, ತುದಿಯಲ್ಲಿ ಸಣ್ಣ ಗುಂಡಿರುವ ತಂತಿ ಒಳಗೆ ಬಿಡುತ್ತೇನೆ. ಸುತ್ತ ನಾಲ್ಕು ಗೋಡೆ, ಕೆಳಗೆ ತಳ. ಐದೂ ಕಡೆ ಗಟ್ಟಿ ತಾಗಬೇಕು. ಎಲ್ಲಾದರೂ ಮೆತ್ತಗೆ ತಾಗಿದರೆ ಮೂಳೆ ಒಡೆದಿದೆ, ಆಚೆ ನರವಿದೆ. ಆ ತೂತಿಗೆ ಸ್ಕ್ರೂ ಹಾಕುವುದಿಲ್ಲ.”

“ಯಂತ್ರ ಇದ್ದಾಗ?”

“ಆಗಲೂ ತಂತಿ ಬಿಟ್ಟು ನೋಡದೆ ಹಾಕುವುದಿಲ್ಲ.”

ವಿಜಯೇಂದ್ರ ಪೆನ್ನಿನ ಟೋಪಿಯನ್ನು ಕೈಗೆ ತೆಗೆದುಕೊಂಡು ಕಡ್ಡಿಯನ್ನು ತಾನೂ ಒಂದು ಸುತ್ತು ಆಡಿಸಿದ. ಟೂಲ್ ರೂಮಿನಲ್ಲಿ ಅವನೂ ಮಷೀನನ್ನು ನಂಬಿ ಒಂದು ಪೀಸನ್ನೂ ಹೊರಗೆ ಬಿಟ್ಟವನಲ್ಲ. ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಎಂದು ಕೇಳಿದ. ಹದಿನಾರು, ಅಂದರು ಡಾಕ್ಟರು.

“ಶನಿವಾರ ಮಾಡಿಬಿಡಿ,” ಅಂದ ವಿಜಯೇಂದ್ರ. ಒಳಗೆ ಬಂದು ಅದನ್ನೇ ಹೇಳಿದ. ಕೃಷ್ಣವೇಣಿ, “ನನ್ನನ್ನೂ ಒಂದು ಮಾತು ಕೇಳ್ರಿ,” ಅಂದಳು. ಕೇಳಿದಾಗ, “ಮಾಡಲಿ. ಮೂರು ತಿಂಗಳು ಇವಳ ಸಾರು ಉಣ್ಣಲಿಕ್ಕೆ ನನ್ನ ಕಡೆ ಆಗೂದಿಲ್ಲ,” ಅಂದಳು.

ಶನಿವಾರ ನಾಲ್ಕು ತಾಸು ಹಿಡಿಯಿತು. ವಿಜಯೇಂದ್ರ ಥಿಯೇಟರಿನ ಬಾಗಿಲ ಎದುರಿನ ಬೆಂಚಿನಿಂದ ಏಳಲಿಲ್ಲ. ಶಾಮ ತಂದ ತರ್ರಿ ಪೋಹೆ, ಖಾರದ ರಸ ಸುರಿದ ಅವಲಕ್ಕಿ, ಮೊಣಕಾಲ ಮೇಲೆ ಆರಿ ತಣ್ಣಗಾಯಿತು. ಡಾಕ್ಟರು ಹೊರಗೆ ಬಂದು ನೇರ ಅವನ ಹತ್ತಿರ ಹೋಗಿ ಐದು ಬೆರಳು ಎತ್ತಿ ತೋರಿಸಿದರು. ಶಾಮನಿಗೆ ಅರ್ಥವಾಗಲಿಲ್ಲ. ವಿಜಯೇಂದ್ರ ಪೋಹೆ ತಿನ್ನತೊಡಗಿದ.

ಅಂಗಾಲಿಗೆ ಮುಟ್ಟಿದ್ದು ಮರುದಿನವೇ ತಿಳಿಯತೊಡಗಿತು. ಪಾದ ಮಾತ್ರ ಸಾವಕಾಶ ಏಳತೊಡಗಿತು. ಮೂರು ತಿಂಗಳು ಬಗ್ಗುವಂತಿಲ್ಲ, ನೆಲದ ಮೇಲೆ ಕೂಡುವಂತಿಲ್ಲ ಅಂದಿದ್ದರು. ಈಳಿಗೆಮಣೆ ಅಟ್ಟ ಸೇರಿತು. ಕೃಷ್ಣವೇಣಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಳು. ಶರ್ವಾಣಿ ಮಡಿ ಉಟ್ಟು ರೊಟ್ಟಿ ತಟ್ಟಿದಳು, ಅತ್ತೆ ಪ್ರತಿ ರೊಟ್ಟಿಗೂ ಒಂದು ಹೆಸರಿಟ್ಟಳು. ಸಂಜೆ ಚಾರು ವ್ಯಾಯಾಮ ಮಾಡಿಸುತ್ತಿದ್ದಳು. “ಅಜ್ಜೀ, ಊಪರ್! ಆಣಖೀ ಊಪರ್, ಇನ್ನಷ್ಟು! ಚೀಟಿಂಗ್ ನಕೋ!”

ಇದೆಲ್ಲದರ ನಡುವೆ ಹುಗ್ಗಿಯ ಮಾತು ಮುಗಿಯಲಿಲ್ಲ. ನೋಡಲು ಬಂದವರಿಗೆಲ್ಲ ಶಾಮ ಕಥೆ ಹೇಳಿದ. ನೆಂಟರು ಕೃಷ್ಣವೇಣಿಗೆ ಬುದ್ಧಿ ಹೇಳಿದರು. ಇಷ್ಟು ವಯಸ್ಸಾಗಿ ಹಿಂಗ ಮಾಡೋದೇನು ಅಂದರು. “ಹೌದ್ರೀ, ನಾಲಿಗಿ ಚಪಲ,” ಅನ್ನುತ್ತಿದ್ದಳು ಅವಳು. ಪ್ರತಿ ಸಲವೂ ವಿಜಯೇಂದ್ರ ಎದ್ದು ಸ್ಕೂಟರ್ ಒರೆಸಲು ಹೋಗುತ್ತಿದ್ದ. ಇಬ್ಬರೇ ಇದ್ದಾಗ ಒಮ್ಮೆ, ಹೇಳಿಬಿಡುತ್ತೇನೆ ಅಂದ. “ಸುಮ್ನಿರ್ರಿ. ಮಗಾ ನಿಮಗ ಬೈಯೂದು ನನಗ ಕೇಳಲಿಕ್ಕಾಗೂದಿಲ್ಲ,” ಅಂದಳು ಅವಳು.

ಆರನೆಯ ವಾರ ತೋರಿಸಲು ಹೋದಾಗ ಡಾಕ್ಟರು, ಪಾದಕ್ಕೆ ಮುಕ್ಕಾಲು ಶಕ್ತಿ ಬಂದಿದೆ, ಉಳಿದ ಕಾಲು ಭಾಗ ಬರಬಹುದು, ಬಾರದೆಯೂ ಇರಬಹುದು ಅಂದರು. ನಾಲ್ಕು ತಿಂಗಳು ಮುಚ್ಚಿಟ್ಟಿದ್ದಕ್ಕೆ ಅಷ್ಟು ಬೆಲೆ, ಸ್ಕ್ರೂಗಳು ಬರೋಬರಿ ಕೂತಿವೆ ಎಂದೂ ಹೇಳಿದರು.

ಆ ಭಾನುವಾರ ಎಲ್ಲರೂ ಊಟಕ್ಕೆ ಮೇಜಿನ ಸುತ್ತ ಕೂತಿದ್ದರು. ಕೃಷ್ಣವೇಣಿ ಕೈತೊಳೆದು ಬರುವಾಗ ಎಡಪಾದದ ತುದಿ ಚಾಪೆಗೆ ಸಿಕ್ಕು ಮುಗ್ಗರಿಸಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಶಾಮನಿಗೆ ಜೀವ ಬಾಯಿಗೆ ಬಂತು. ಅದು ಸಿಟ್ಟಾಗಿ ಹೊರಬಿತ್ತು.

“ರೋಬೋಟಿಲೆ ಆಗಿದ್ರ ಹಿಂಗಾಗ್ತಿರಲಿಲ್ಲ. ನಾಲ್ಕು ಚಮಚ ಹುಗ್ಗಿ ತಿಂದು ಜನ್ಮಪೂರ್ತಿ ಕಾಲು ಎಳೀಕೋತ ತಿರುಗು!”

ವಿಜಯೇಂದ್ರ ತುತ್ತು ತಟ್ಟೆಯಲ್ಲಿಟ್ಟ.

“ಆಕಿಗೆ ಬೈಬ್ಯಾಡ. ತಿನ್ನಿಸಿದಾವ ನಾನು.”

ಚಾರು ಹಪ್ಪಳ ಕಡಿಯುವುದನ್ನು ನಿಲ್ಲಿಸಿದಳು.

“ನಸಿಕಿನ್ಯಾಗ ಎದ್ದು ನಾನ ಮಾಡಿದ್ದು. ಡಾಕ್ಟರು ಬ್ಯಾಡಂದಾರ ಅಂತ ಆಕಿ ಹೇಳಿದ್ಲು. ನಾ ಲೆಕ್ಕಾ ಹೇಳಿ ಬಾಯಿ ತೆರೆಸಿದೆ. ಅಷ್ಟೂ ಮಂದಿ ಮುಂದ ಆಕಿ ತನ್ನ ಮ್ಯಾಲೆ ಹಾಕ್ಕೊಂಡ್ಲು, ನಾ ಸುಮ್ನ ನಿಂತೆ. ಬೈಯೂದಿದ್ರ ನನಗ ಬೈ.”

ಶಾಮ ಅಪ್ಪನನ್ನೂ ಅವ್ವನನ್ನೂ ನೋಡಿದ. ಆರು ವಾರ ಬೈದದ್ದೆಲ್ಲ ನೆನಪಾಗಿ ಅವನ ಕಿವಿ ಬಿಸಿಯಾದವು.

ಶರ್ವಾಣಿ ಮಾವನ ತಟ್ಟೆಗೆ ಸಾರು ಹಾಕಿದಳು. “ಉಣ್ರಿ ಮಾವಾ. ನನಗ ಅವತ್ತ ಗೊತ್ತಿತ್ತು.”

“ಗೊತ್ತಿತ್ತು?”

“ಅತ್ತಿ ಹಿಂದಿನ ದಿನದ ತಂಗಳ ಹುಗ್ಗೀಲೆ ಪಾರಣಿ ಮಾಡ್ತಾರೇನು? ಮನಿಗೆ ಬಂದು ನೋಡಿದ್ರ ಕುಕ್ಕರ್ ಕನ್ನಡಿಹಂಗ ತೊಳದಿಟ್ಟಿತ್ತು. ಸೀಟಿ ಬಿಚ್ಚಿ ಒರಸಿ, ರಬ್ಬರಿಗೆ ಎಣ್ಣಿ ಸವರಿ. ಈ ಮನ್ಯಾಗ ಹಂಗ ಇನ್ಯಾರು ಮಾಡ್ತಾರ? ಗಂಗೂಬಾಯಿನೂ ಕೇಳಿದ್ಲು, ಸಾಹೇಬ್ರು ಯಾಕ ಕುಕ್ಕರ್ ಸರ್ವಿಸಿಂಗ್ ಮಾಡ್ಯಾರ ಅಂತ.”

ಚಾರು ಮೊದಲು ನಕ್ಕಳು. ಆಮೇಲೆ ಶಾಮ ತಡೆಯಲಾರದೆ ನಕ್ಕ. ವಿಜಯೇಂದ್ರ ತಲೆ ತಗ್ಗಿಸಿ ಸಾರು ಕಲಸಿಕೊಳ್ಳತೊಡಗಿದ.

ಕೃಷ್ಣವೇಣಿ ಮಾತ್ರ ನಗಲಿಲ್ಲ. ಚೌಕಟ್ಟು ಬಿಟ್ಟು ನಿಧಾನವಾಗಿ ಪಾದ ಎತ್ತೆತ್ತಿ ಇಡುತ್ತ ಮೇಜಿಗೆ ಬಂದಳು. ಕುರ್ಚಿ ಎಳೆದು ಕೂತು ಸೊಸೆಯನ್ನು ದುರುಗುಟ್ಟಿ ನೋಡಿದಳು.

“ಗಂಗೂಬಾಯಿಗೂ ಗೊತ್ತಿತ್ತು?”

“ಹೂಂ ಅತ್ತಿ.”

“ಎಲ್ಲಾರಿಗೂ ಗೊತ್ತಿದ್ರ ಆರು ವಾರ ನಾ ಯಾಕ ಬೈಸಿಕೊಂಡೆ?” ಅಂದಳು. “ಹಾಕು ಅನ್ನ.”